ಕಣ್ಣು ಸರಿ ಇದೆ ಅಂತಾರೆ, ಆದ್ರೆ ಅರ್ಧ ಬೋರ್ಡ್ ಕಾಣಲ್ಲ

ಇವತ್ತಿನ ಎಪಿಸೋಡ್ ಕಣ್ಣಿನ ಬಗ್ಗೆ. ಆದ್ರೆ ಕನ್ನಡಕ, ಪೊರೆ, ಮೊಬೈಲ್ ನೋಡಿ ಕಣ್ಣು ಉರಿ, ಇವ್ಯಾವುದೂ ಅಲ್ಲ.

ಒಂದು ಚಿಕ್ಕ ಪ್ರಶ್ನೆಯಿಂದ ಶುರು ಮಾಡೋಣ. ಮೈಸೂರು ಸಬರ್ಬನ್ ಬಸ್ ಸ್ಟ್ಯಾಂಡ್‌ನಲ್ಲಿ ಒಬ್ಬರು ನಿಂತಿದ್ದಾರೆ ಅಂದ್ಕೊಳ್ಳಿ. ಎದುರಿಗಿರೋ ಬಸ್ ಬೋರ್ಡ್‌ನಲ್ಲಿ ‘ಪಿರಿಯಾಪಟ್ಟಣ’ ಅಂತಿದೆ. ಅವರು ಓದೋದು ‘ಪಟ್ಟಣ’. ಪಕ್ಕದ ಬಸ್‌ನಲ್ಲಿ ‘ಹೆಗ್ಗಡದೇವನಕೋಟೆ’ ಅಂತಿದೆ. ಅವರು ಓದೋದು ‘ಕೋಟೆ’. ‘ಕೃಷ್ಣರಾಜನಗರ’ ಅನ್ನೋದು ಬರೀ ‘ನಗರ’. ಅವರಿಗೆ ಅಕ್ಷರ ಚೆನ್ನಾಗಿ ಬರುತ್ತೆ. ಕಣ್ಣಿನ ಡಾಕ್ಟರ್ ಹತ್ರ ಹೋದ್ರೆ ಗೋಡೆ ಮೇಲಿನ ಚಾರ್ಟ್‌ನಲ್ಲಿ ಕೊನೇ ಸಾಲಿನ ಸಣ್ಣ ಅಕ್ಷರವನ್ನೂ ಗುರುತಿಸಬಹುದು. ‘ದೃಷ್ಟಿ 6/6, ಕಣ್ಣು ಸರಿ ಇದೆ’ ಅಂತ ಚೀಟಿ ಬರುತ್ತೆ. ಆ ಚೀಟಿ ಸುಳ್ಳಲ್ಲ. ಆದ್ರೂ ಅವರಿಗೆ ಎಡಗಡೆ ಪ್ರಪಂಚ ಇಲ್ಲ.

ಇದು ಲಕ್ವ ಹೊಡೆದ ಮೇಲೆ, ಅಂದ್ರೆ ಸ್ಟ್ರೋಕ್ ಆದ ಮೇಲೆ, ಕೆಲವರಿಗೆ ಆಗೋ ವಿಷಯ. ತಲೆಗೆ ಪೆಟ್ಟು ಬಿದ್ದವರಿಗೆ, ಮೆದುಳಲ್ಲಿ ಗೆಡ್ಡೆ ಆದವರಿಗೂ ಆಗಬಹುದು. ಇವತ್ತು ನಾನು ಮಾತಾಡೋದು ಹುಣಸೂರು ಉಪವಿಭಾಗದ ಕಡೆಯಿಂದ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಇಲ್ಲಿ ಸ್ಟ್ರೋಕ್ ಆಗಿ ಮನೆಗೆ ಬಂದವರ ಕೈಕಾಲು ಎಲ್ಲರ ಕಣ್ಣಿಗೂ ಬೀಳುತ್ತೆ. ಅವರ ನೋಟ ಯಾರ ಲೆಕ್ಕಕ್ಕೂ ಬರಲ್ಲ. ಆ ಲೆಕ್ಕ ಯಾರು ಇಡಬೇಕು ಅನ್ನೋದೇ ಇವತ್ತಿನ ವಿಷಯ.

ಹರಿತ ಬೇರೆ, ಅಗಲ ಬೇರೆ

ಕಣ್ಣು ಬೆಳಕನ್ನ ಹಿಡಿಯುತ್ತೆ, ನೋಡೋದು ಮೆದುಳು. ನಮ್ಮ ಎದುರಿನ ದೃಶ್ಯದ ಎಡ ಅರ್ಧ, ಎರಡೂ ಕಣ್ಣಿಂದ ಸೇರಿ, ಮೆದುಳಿನ ಬಲಭಾಗಕ್ಕೆ ಹೋಗುತ್ತೆ. ಬಲ ಅರ್ಧ ಎಡಭಾಗಕ್ಕೆ. ತಲೆಯ ಹಿಂಭಾಗದಲ್ಲಿ ಒಂದು ಕಡೆ ರಕ್ತ ಸಂಚಾರ ನಿಂತ್ರೆ, ಎರಡೂ ಕಣ್ಣಿನಲ್ಲೂ ಒಂದೇ ಪಕ್ಕದ ದೃಶ್ಯ ಹೋಗಿಬಿಡುತ್ತೆ. ಒಂದು ಕಣ್ಣು ಮುಚ್ಚಿದ್ರೂ ಅಷ್ಟೇ, ಇನ್ನೊಂದು ಮುಚ್ಚಿದ್ರೂ ಅಷ್ಟೇ. ಇದನ್ನ ಹೆಮಿಯನೋಪಿಯಾ ಅಂತಾರೆ. ನಾವು ಸರಳವಾಗಿ ಅರ್ಧನೋಟ ಅನ್ನೋಣ.

ಆರು ಮೀಟರ್ ದೂರದ ಚಾರ್ಟ್ ಅಳೆಯೋದು ನೋಟದ ಹರಿತವನ್ನ. ಅರ್ಧನೋಟದಲ್ಲಿ ಹೋಗಿರೋದು ನೋಟದ ಅಗಲ. ಮಧ್ಯದ ನೋಟ ಅರ್ಧ ಉಳಿದ್ರೂ ಸಣ್ಣ ಅಕ್ಷರ ಓದೋಕೆ ಸಾಕು. ಅದಕ್ಕೇ ಚಾರ್ಟ್ ಪರೀಕ್ಷೆ ಪಾಸ್ ಆಗಿ, ಬಾಗಿಲ ಚೌಕಟ್ಟಿಗೆ ಭುಜ ಗುದ್ದಿಕೊಳ್ಳೋರು ಇರ್ತಾರೆ.

ಇನ್ನೊಂದು ತೊಂದರೆ ಇದೆ, ಅದು ಇದಕ್ಕಿಂತ ವಿಚಿತ್ರ. ಅದನ್ನ ನೆಗ್ಲೆಕ್ಟ್ ಅಂತಾರೆ. ಇಲ್ಲಿ ದೃಶ್ಯ ಮೆದುಳಿಗೆ ತಲುಪಿದ್ರೂ ಗಮನ ಆ ಕಡೆ ಹೋಗಲ್ಲ. ಹೆಚ್ಚಾಗಿ ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಎಡಗಡೆ ಮರೆತುಹೋಗುತ್ತೆ. ಮುಖದ ಒಂದೇ ಕಡೆ ಶೇವ್ ಮಾಡ್ಕೋತಾರೆ. ಶರ್ಟಿನ ಒಂದೇ ತೋಳು ಹಾಕ್ಕೊಂಡು ಹೊರಗೆ ಬರ್ತಾರೆ. ನಾನು ಮೊದಲು ಹೇಳಿದ ಬಸ್ ಬೋರ್ಡ್ ಕತೆ ಈ ಜಾತಿಯದು. ಅರ್ಧನೋಟ ಇರೋ ಎಷ್ಟೋ ಜನಕ್ಕೆ ‘ನನಗೆ ಈ ಕಡೆ ಕಾಣ್ತಿಲ್ಲ’ ಅಂತ ಗೊತ್ತಾಗುತ್ತೆ, ಕತ್ತು ತಿರುಗಿಸಿ ನೋಡ್ತಾರೆ. ನೆಗ್ಲೆಕ್ಟ್ ಇರೋರಿಗೆ ಏನೋ ಕಮ್ಮಿ ಇದೆ ಅನ್ನೋದೇ ಗೊತ್ತಿರಲ್ಲ. ಕೆಲವರಿಗೆ ಎರಡೂ ಒಟ್ಟಿಗೆ ಇರುತ್ತೆ.

ಮೂರನೆಯದು ಒಂದು ವಸ್ತು ಎರಡಾಗಿ ಕಾಣೋದು. ಕಣ್ಣನ್ನ ತಿರುಗಿಸೋ ನರಗಳಿಗೆ ತೊಂದರೆ ಆದ್ರೆ ಹೀಗಾಗುತ್ತೆ. ಪಾರ್ಕಿನ್ಸನ್ ಕಾಯಿಲೆ ಇರೋರಿಗೂ ಹತ್ತಿರದ್ದನ್ನ ನೋಡುವಾಗ ಎರಡೂ ಕಣ್ಣು ಒಟ್ಟಿಗೆ ಒಳಗೆ ತಿರುಗಲ್ಲ, ಅಕ್ಷರ ಎರಡಾಗುತ್ತೆ.

ನಾಲ್ಕನೆಯದನ್ನ ಹಳ್ಳಿ ಕಡೆ ಇರೋರು ಗಮನ ಇಟ್ಟು ಕೇಳಿ. ನೋಟ ಹೋದ ಜಾಗದಲ್ಲಿ ಕೆಲವರಿಗೆ ಇಲ್ಲದ ಚಿತ್ರ ಕಾಣುತ್ತೆ. ಮಕ್ಕಳು ಕೂತ ಹಾಗೆ, ಹೂವಿನ ವಿನ್ಯಾಸದ ಹಾಗೆ, ಯಾರೋ ಅಪರಿಚಿತರು ನಿಂತ ಹಾಗೆ. ಸ್ವಿಸ್ ವಿಜ್ಞಾನಿ ಚಾರ್ಲ್ಸ್ ಬೊನೆ 1760ರಲ್ಲೇ, ದೃಷ್ಟಿ ಮಂದವಾಗಿದ್ದ ತನ್ನ ತಾತನಿಗೆ ಹೀಗೆ ಕಾಣ್ತಿತ್ತು ಅಂತ ಬರೆದಿಟ್ಟ. ಇವತ್ತಿಗೂ ಅವನ ಹೆಸರಲ್ಲೇ ಇದನ್ನ ಕರೀತಾರೆ. ತಾತನ ಬುದ್ಧಿ ನೆಟ್ಟಗೇ ಇತ್ತು. ನಮ್ಮಲ್ಲಿ ಹೀಗೆ ಹೇಳಿದ್ರೆ ‘ಗಾಳಿ ಸೋಕಿದೆ’ ಅಂತ ಯಂತ್ರ ಕಟ್ಟಿಸೋಕೆ ಕರ್ಕೊಂಡು ಹೋಗ್ತಾರೆ, ಇಲ್ಲಾ ತಲೆ ಕೆಟ್ಟಿದೆ ಅಂತಾರೆ. ಹೆದರಿ ಎಷ್ಟೋ ಹಿರಿಯರು ಬಾಯೇ ಬಿಡಲ್ಲ. ಹಾಗೆ ಕಂಡ್ರೆ ಡಾಕ್ಟರ್‌ಗೆ ಹೇಳಿ. ಬೇರೆ ಕಾರಣ ಇದೆಯಾ ಅಂತ ಅವರು ನೋಡ್ತಾರೆ.

ಇದೆಲ್ಲ ಅಪರೂಪ ಅಂದ್ಕೋಬೇಡಿ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಫಿಯೋನಾ ರೋ ಮತ್ತು ಅವರ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆ ಮಾಡೋಕಾದ ಸ್ಟ್ರೋಕ್ ರೋಗಿಗಳಲ್ಲಿ ಶೇ 73ರಷ್ಟು ಜನಕ್ಕೆ ಒಂದಲ್ಲ ಒಂದು ದೃಷ್ಟಿ ತೊಂದರೆ ಇತ್ತು. ಹಳೇ ಪೊರೆ, ಹಳೇ ಕನ್ನಡಕದ ತೊಂದರೆಗಳೂ ಅದರಲ್ಲಿ ಸೇರಿವೆ. ಆದ್ರೂ ಸಂಖ್ಯೆ ನೋಡಿ. ಹುಡುಕಿದ್ರೆ ಸಿಗುತ್ತೆ, ಹುಡುಕದಿದ್ರೆ ಇಲ್ಲ.

ಮುದ್ದೆ ಅರ್ಧಕ್ಕೆ ಬಿಟ್ಟವರು

ಪಿರಿಯಾಪಟ್ಟಣದ ಕಡೆ ನಮ್ಮ ಸೋದರಮಾವ ಒಬ್ಬರಿದ್ದಾರೆ. ಹೊಗೆಸೊಪ್ಪು ಬೆಳೆಯೋರು. ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದುಹೋಗಿತ್ತು. ಎರಡು ತಿಂಗಳಿಗೆ ಕೋಲು ಹಿಡಿದು ನಡೆಯೋ ಹಾಗಾದ್ರು. ಮನೆಯಲ್ಲಿ ಎಲ್ಲರಿಗೂ ಖುಷಿ. ಆಮೇಲೆ ಶುರುವಾಯ್ತು ಜಗಳ. ಊಟಕ್ಕೆ ಕೂತ್ರೆ ತಟ್ಟೆಯ ಬಲಗಡೆ ಇರೋದನ್ನಷ್ಟೇ ತಿಂದು, ‘ಏನೇ, ಇವತ್ತು ಪಲ್ಯ ಮಾಡ್ಲಿಲ್ವಾ?’ ಅನ್ನೋರು. ಅತ್ತೆ, ‘ಅಲ್ಲೇ ಬಡಿಸಿದ್ದೀನಲ್ಲ, ಕಣ್ಣು ಬಿಟ್ಟು ನೋಡಿ’ ಅನ್ನೋರು. ಎಡಗಡೆ ಕೂತ ಮೊಮ್ಮಗಳು ಕರೆದ್ರೆ ತಿರುಗ್ತಾ ಇರ್ಲಿಲ್ಲ. ಹೊಗೆಸೊಪ್ಪು ದರ್ಜೆ ಮಾಡೋಕೆ ಕೂತ್ರೆ ಎಡಗಡೆ ರಾಶಿ ಹಾಗೇ ಇರ್ತಿತ್ತು. ‘ಇವರಿಗೆ ಸೋಮಾರಿತನ ಬಂದಿದೆ’ ಅಂತ ಮನೆಯವರು, ‘ನನ್ನ ಯಾರೂ ಲೆಕ್ಕಕ್ಕೆ ಇಡ್ತಿಲ್ಲ’ ಅಂತ ಇವರು.

ಕಣ್ಣು ತೋರಿಸಿದ್ರು. ದೂರದ್ದು ಸರಿ, ಹತ್ತಿರಕ್ಕೆ ಕನ್ನಡಕ, ಅಂತ ಹೇಳಿ ಕಳಿಸಿದ್ರು. ಕೊನೆಗೆ ಇದನ್ನ ಹಿಡಿದದ್ದು ಕಣ್ಣಿನ ಡಾಕ್ಟರ್ ಅಲ್ಲ, ನರದ ಡಾಕ್ಟರೂ ಅಲ್ಲ. ಕೈಕಾಲಿಗೆ ವ್ಯಾಯಾಮ ಮಾಡಿಸ್ತಿದ್ದ ಫಿಸಿಯೋಥೆರಪಿಸ್ಟ್. ನಡೆಯುವಾಗ ಯಾವಾಗಲೂ ಎಡಗಡೆಯೇ ತಾಗಿಸ್ತಾರಲ್ಲ ಅಂತ ಅವರಿಗೆ ಅನುಮಾನ ಬಂತು. ಕಾಗದದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ‘ಯಜಮಾನ್ರೇ, ಇದರ ಮಧ್ಯಕ್ಕೆ ಗುರುತು ಹಾಕಿ’ ಅಂದ್ರು. ಮಾವ ಬಲ ತುದಿಯ ಹತ್ರ ಗುರುತು ಹಾಕಿದ್ರು. ಅಲ್ಲಿಂದ ಫೀಲ್ಡ್ ಟೆಸ್ಟ್‌ಗೆ ಕಳಿಸಿದ್ರು. ಅರ್ಧನೋಟವೂ ಇದೆ, ನೆಗ್ಲೆಕ್ಟೂ ಇದೆ ಅಂತ ಗೊತ್ತಾಯ್ತು. ಅವತ್ತು ಮಾವನ ಕಾಯಿಲೆ ಏನೂ ಕಮ್ಮಿ ಆಗ್ಲಿಲ್ಲ. ಆದ್ರೆ ಮನೆ ಜಗಳ ನಿಂತಿತು. ಅತ್ತೆ ಈಗ ಊಟದ ಮಧ್ಯೆ ತಟ್ಟೆಯನ್ನ ಅರ್ಧ ಸುತ್ತು ತಿರುಗಿಸ್ತಾರೆ.

ನಮ್ಮ ಈ ತಾಲ್ಲೂಕುಗಳಲ್ಲಿ ಇದು ಬರೀ ಊಟದ ತಟ್ಟೆ ವಿಷಯ ಅಲ್ಲ. ಕೆ.ಆರ್. ನಗರದ ಕಡೆ ನಾಲೆ ಏರಿ ಮೇಲೆ ನಡೆಯೋರು, ಹುಣಸೂರಲ್ಲಿ ಹೆದ್ದಾರಿ ದಾಟೋರು, ಕೋಟೆಯ ಕಾಡಂಚಿನಲ್ಲಿ ಸಂಜೆ ಹೊತ್ತು ದನ ಹೊಡ್ಕೊಂಡು ಬರೋರು ಇದ್ದಾರೆ. ಅಲ್ಲಿ ಎಡಗಡೆಯಿಂದ ಬಂದದ್ದು ಕಾಣದಿದ್ರೆ ಅದು ಲಾರಿನೂ ಆಗಿರಬಹುದು, ಆನೆನೂ ಆಗಿರಬಹುದು. ಕಾಲು ಸರಿಹೋಯ್ತು ಅಂತ ಬೈಕ್ ಕೀ ಕೈಗೆ ಕೊಡೋ ಮೊದಲು ನೋಟದ ಅಗಲ ಪರೀಕ್ಷೆ ಆಗಲೇಬೇಕು.

ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ

ಈಗ ನೋಡಿ, ಒಬ್ಬ ರೋಗಿಗೆ ಎಷ್ಟು ಜನ ಬೇಕು. ಸ್ಟ್ರೋಕ್ ಎಲ್ಲಿ ಆಗಿದೆ ಅಂತ ಹೇಳೋಕೆ ನರರೋಗ ತಜ್ಞರು. ನೋಟ ಎಷ್ಟು ಹೋಗಿದೆ ಅಂತ ಅಳೆಯೋಕೆ ಕಣ್ಣಿನ ವಿಭಾಗ. ಗ್ಲೂಕೋಮಾ ರೋಗಿಗಳಿಗೆ ಬಳಸೋ ಫೀಲ್ಡ್ ಟೆಸ್ಟ್ ಯಂತ್ರವೇ ಇದಕ್ಕೂ ಆಗುತ್ತೆ. ಎರಡೆರಡು ಕಾಣೋರಿಗೆ ಪ್ರಿಸಮ್ ಕೊಡೋಕೆ, ಒಂದು ಕಣ್ಣಿಗೆ ಪಟ್ಟಿ ಹಾಕಬೇಕಾ ಅಂತ ಹೇಳೋಕೆ ಆಪ್ಟೊಮೆಟ್ರಿಸ್ಟ್. ನಡಿಗೆಗೆ ಫಿಸಿಯೋ. ಸ್ನಾನ, ಊಟ, ಅಡುಗೆ, ಕೆಲಸವನ್ನ ಮತ್ತೆ ಕಲಿಸೋಕೆ ಆಕ್ಯುಪೇಷನಲ್ ಥೆರಪಿಸ್ಟ್. ಮಾತು, ಓದು ಹೋಗಿದ್ರೆ ಸ್ಪೀಚ್ ಥೆರಪಿಸ್ಟ್. ಇವರೆಲ್ಲ ಒಬ್ಬರಿಗೊಬ್ಬರು ಮಾತಾಡಬೇಕು.

ಯಾಕಂದ್ರೆ ಒಬ್ಬರಿಗೆ ಗೊತ್ತಿರೋದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ರೆ ಕೆಲಸ ಕೆಡುತ್ತೆ. ರೋಗಿ ಎಡಗಡೆ ಚಿತ್ರ ತೋರಿಸಿದ್ರೆ ಹೆಸರು ಹೇಳ್ತಿಲ್ಲ ಅಂದ್ರೆ ಮಾತು ಹೋಗಿದೆ ಅಂತ ಸ್ಪೀಚ್ ಥೆರಪಿಸ್ಟ್ ಅಂದ್ಕೋಬಹುದು. ಬೋರ್ಡ್ ಓದ್ತಿಲ್ಲ ಅಂದ್ರೆ ಮರೆವಿನ ಕಾಯಿಲೆ ಅಂತ ಮನೆಯವರು ಅಂದ್ಕೋಬಹುದು. ಅರ್ಧನೋಟದವರಿಗೆ ಕಾಣದ ಕಡೆಗೆ ಕಣ್ಣು ಓಡಿಸೋ ಅಭ್ಯಾಸ ಕಲಿಸಬೇಕು. ನೆಗ್ಲೆಕ್ಟ್ ಇರೋರಿಗೆ ಆ ಕಡೆ ಒಂದು ಇದೆ ಅನ್ನೋದನ್ನೇ ಮೊದಲು ನೆನಪಿಸಬೇಕು. ಇನ್ನೊಂದು ಮಾತು ನೇರವಾಗಿ ಹೇಳ್ತೀನಿ. ಹೋದ ಅರ್ಧವನ್ನ ವಾಪಸ್ ತರೋ ಕನ್ನಡಕ, ಡ್ರಾಪ್ಸ್, ಮಾತ್ರೆ ಇಲ್ಲ. ಮೊದಲ ಮೂರು ತಿಂಗಳಲ್ಲಿ ತಾನಾಗಿ ಸ್ವಲ್ಪ ಮರಳಬಹುದು, ಆಮೇಲೆ ಮರಳೋದು ಕಮ್ಮಿ. ಉಳಿದದ್ದರಲ್ಲಿ ಬದುಕೋ ಜಾಣತನ ಕಲಿಸೋದೇ ಪುನರ್ವಸತಿ. ಯಾರಾದ್ರೂ ‘ಪೂರ್ತಿ ವಾಸಿ ಮಾಡ್ತೀವಿ’ ಅಂತ ಪ್ಯಾಕೇಜ್ ಮಾರಿದ್ರೆ ದುಡ್ಡು ಜೇಬಲ್ಲೇ ಇಟ್ಕೊಳ್ಳಿ.

ಬೆಂಗಳೂರಿನ ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗದಲ್ಲಿ ಬೇರೆ ಬೇರೆ ಥೆರಪಿಯವರು ಒಂದೇ ತಂಡವಾಗಿ ಕೆಲಸ ಮಾಡ್ತಾರೆ. ನಮ್ಮ ಮೈಸೂರಿನಲ್ಲೇ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸ್ಟ್ರೋಕ್‌ನಿಂದ ಮಾತು ಕಳ್ಕೊಂಡವರಿಗೆ ದೇಶದಲ್ಲೇ ದೊಡ್ಡ ಹೆಸರು. ಕೆ.ಆರ್. ಆಸ್ಪತ್ರೆ ಇದೆ. ತಜ್ಞರಿಗೆ ಬರ ಇಲ್ಲ. ಆದ್ರೆ ಅವರೆಲ್ಲ ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಬೇರೆ ಬೇರೆ ಕಟ್ಟಡದಲ್ಲಿ, ಬೇರೆ ಬೇರೆ ದಿನ ಸಿಗ್ತಾರೆ.

ನಾನು ಬಿ.ಕಾಂ ಓದಿದವರ ಹಾಗೆ ಲೆಕ್ಕ ಹಾಕಿದೆ. ಪಿರಿಯಾಪಟ್ಟಣದಿಂದ ಮೈಸೂರಿಗೆ ಹೋಗಿ ಬಂದ್ರೆ ಒಂದು ದಿನ ಪೂರ್ತಿ ಹೋಯ್ತು. ಶಕ್ತಿ ಯೋಜನೆ ಇರೋದ್ರಿಂದ ಅತ್ತೆಗೆ ಟಿಕೆಟ್ ಇಲ್ಲ, ಮಾವನಿಗೆ ಇದೆ. ಆದ್ರೆ ಹೋಗೋದು ಇಬ್ಬರ ದಿನ. ನರಕ್ಕೆ ಒಂದು ದಿನ, ಕಣ್ಣಿಗೆ ಒಂದು ದಿನ, ಥೆರಪಿಗೆ ಒಂದು ದಿನ ಅಂದ್ರೆ ಆರು ಕೂಲಿ ದಿನ ಹೋಯ್ತು, ಅದೂ ಒಂದು ಸುತ್ತಿಗೆ. ಹೊಗೆಸೊಪ್ಪು ಬೇಯಿಸೋ ಕಾಲದಲ್ಲಿ ಬ್ಯಾರನ್ ಬಿಟ್ಟು ಯಾರು ಹೋಗ್ತಾರೆ? ಹೀಗೇ ಮೂರನೇ ಸಲಕ್ಕೆ ಬಿಟ್ಟುಬಿಡ್ತಾರೆ.

ಪಿಂಚಣಿಯಿಂದ ಬಂದ ನಕ್ಷೆ

ದುಡ್ಡಿನ ಮಾತು ಬಂತಲ್ಲ, ಒಂದು ಹಳೇ ಕತೆ ಹೇಳ್ತೀನಿ. 1904-05ರಲ್ಲಿ ರಷ್ಯಾ-ಜಪಾನ್ ಯುದ್ಧ ನಡೀತು. ಆಗಿನ ಹೊಸ ರೈಫಲ್‌ಗಳ ಗುಂಡು ಸಣ್ಣದು, ವೇಗ ಜಾಸ್ತಿ. ತಲೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಬಂದ್ರೂ ಕೆಲವು ಸೈನಿಕರು ಬದುಕಿ ಉಳಿದ್ರು. ಅವರಿಗೆ ಎಷ್ಟು ಪಿಂಚಣಿ ಕೊಡಬೇಕು ಅಂತ ತೀರ್ಮಾನ ಮಾಡೋಕೆ, ನೋಟ ಎಷ್ಟು ಹೋಗಿದೆ ಅಂತ ಅಳೆಯೋ ಕೆಲಸ ತತ್ಸುಜಿ ಇನೊಯೆ ಅನ್ನೋ ಯುವ ಕಣ್ಣಿನ ಡಾಕ್ಟರ್‌ಗೆ ಬಂತು. ಅವರು ಗುಂಡು ಹೊಕ್ಕ ಜಾಗ, ಹೊರಬಂದ ಜಾಗ ಅಳೆದು, ಪ್ರತಿಯೊಬ್ಬರ ನೋಟದಲ್ಲಿ ಯಾವ ಭಾಗ ಹೋಗಿದೆ ಅಂತ ಹೋಲಿಸಿದ್ರು. ಮೆದುಳಿನ ಯಾವ ಜಾಗ ಯಾವ ನೋಟಕ್ಕೆ ಅನ್ನೋ ನಕ್ಷೆ ಸಿಕ್ತು. 1909ರಲ್ಲಿ ಪ್ರಕಟಿಸಿದ್ರು. ಮೆದುಳಿನ ನೋಟದ ಮೊದಲ ನಕ್ಷೆಗಳಲ್ಲಿ ಒಂದು ಬಂದದ್ದು ಪಿಂಚಣಿ ಸರ್ಟಿಫಿಕೇಟ್ ಕೆಲಸದಿಂದ!

ನಮ್ಮಲ್ಲಿ ಆ ಸರ್ಟಿಫಿಕೇಟ್ ಕೆಲಸ ಹೇಗಿದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಹಳ ಸ್ಪಷ್ಟವಾಗಿ, ನೋಟದ ಹರಿತದ ಜೊತೆಗೆ ಅಗಲವನ್ನೂ ಡಿಗ್ರಿ ಲೆಕ್ಕದಲ್ಲಿ ಹೇಳುತ್ತೆ. ಆದ್ರೆ ಸ್ಟ್ರೋಕ್ ಆದವರು ಬೋರ್ಡ್ ಮುಂದೆ ಹೋದಾಗ ಎದ್ದು ಕಾಣೋದು ಕೈಕಾಲು. ಫೀಲ್ಡ್ ಟೆಸ್ಟ್ ಕಾಗದ ಇಲ್ಲದಿದ್ರೆ ನೋಟ ಲೆಕ್ಕಕ್ಕೆ ಬರೋದು ಹೇಗೆ? ಎರಡು ವೈಕಲ್ಯ ಇದ್ದಾಗ ಸೇರಿಸೋಕೆ ಕೇಂದ್ರ ಮಾರ್ಗಸೂಚಿಯಲ್ಲಿ ಒಂದು ಸೂತ್ರ ಇದೆ. ದೊಡ್ಡ ಸಂಖ್ಯೆ ತಗೊಳ್ಳಿ. ಅದನ್ನ 90ರಿಂದ ಕಳೆದು, ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನ ದೊಡ್ಡದಕ್ಕೆ ಕೂಡಿಸಿ. ಅರ್ಥ ಆಗ್ಲಿ ಅಂತ ಒಂದು ಉದಾಹರಣೆ: ಕೈಕಾಲಿಗೆ ಶೇ 30, ನೋಟಕ್ಕೆ ಶೇ 30 ಅಂತ ಇಟ್ಕೊಳ್ಳಿ. ಸೇರಿದ್ರೆ ಶೇ 50 ಆಗುತ್ತೆ. ಹೆಚ್ಚಿನ ಸೌಲಭ್ಯಗಳಿಗೆ ಬೇಕಾದ ಗಡಿ ಶೇ 40. ಬರೀ 30 ಇದ್ರೆ ಗಡಿಯ ಆಚೆ, ಎರಡೂ ಬರೆದ್ರೆ ಈಚೆ. ನಿಜವಾದ ಶೇಕಡಾ ಎಷ್ಟು ಅಂತ ತೀರ್ಮಾನ ಮಾಡೋದು ವೈದ್ಯಕೀಯ ಮಂಡಳಿ. ಆದ್ರೆ ಅವರ ಮುಂದೆ ಕಾಗದ ಇಡಬೇಕಾದವರು ನಾವು.

ತಾಲ್ಲೂಕಿನಲ್ಲೇ ಒಂದು ತಂಡ

ಹಾಗಾದ್ರೆ ದೊಡ್ಡ ಕೇಂದ್ರ ಬರೋವರೆಗೂ ಕಾಯಬೇಕಾ? ನನ್ನ ಪ್ರಕಾರ ಬೇಡ. ತಂಡದ ಅರ್ಧ ಜನ ತಾಲ್ಲೂಕಿನಲ್ಲೇ ಇದ್ದಾರೆ. ನೇತ್ರಾಧಿಕಾರಿ ಇರ್ತಾರೆ, ಬೆರಳು ಆಡಿಸಿ ನೋಟದ ಅಗಲ ನೋಡೋಕೆ ಯಂತ್ರ ಬೇಡ. ಮನೆಮನೆಗೆ ಹೋಗೋ ಆಶಾ ಕಾರ್ಯಕರ್ತೆ ಇದ್ದಾರೆ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ನಾವು ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಅಂತ ಕರೆಯೋದು ಇವರನ್ನೇ. ಯುಡಿಐಡಿ ಕಾರ್ಡ್ ಅರ್ಜಿಗೆ ಇವರನ್ನ ಹಿಡೀರಿ.

ಡಾಕ್ಟರ್‌ಗಳು ಜನ ಇರೋ ಕಡೆಗೇ ಹೋದ ಉದಾಹರಣೆ ನಮ್ಮ ನೆಲದಲ್ಲೇ ಇದೆ. 1984ರಲ್ಲಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಮೈಸೂರು ಮೆಡಿಕಲ್ ಕಾಲೇಜಿನ ಅವರ ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿ, ಎಚ್.ಡಿ. ಕೋಟೆಯ ಹಾಡಿಗಳ ಹತ್ರ ಕೆಲಸಕ್ಕೆ ಇಳಿದ್ರು. ಇವತ್ತು ಸರಗೂರಿನಲ್ಲಿ ಅವರ ಆಸ್ಪತ್ರೆ ಇದೆ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದ್ರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೆ ಸ್ಟ್ರೋಕ್, ಮೂರ್ಛೆ, ಮರೆವಿನ ಕಾಯಿಲೆ ಗುರುತಿಸೋ ತರಬೇತಿ ಕೊಡೋ ಯೋಜನೆ ಅದು. ಮೆದುಳಿನ ತರಬೇತಿ ಹಳ್ಳಿಗೆ ಬರ್ತಿದೆ. ಮನೆಮನೆ ಕಣ್ಣಿನ ತಪಾಸಣೆಗೆ ರಾಜ್ಯದ ಆಶಾಕಿರಣ ಯೋಜನೆ ಇದೆ. ಈ ಎರಡು ಗೆರೆ ಒಂದು ಕಡೆ ಕೂಡಬೇಕು. ಎಲ್ಲಿ? ಡಿಸ್ಚಾರ್ಜ್ ಕಾಗದದಲ್ಲಿ. ‘ನೋಟದ ಅಗಲ: ಎಡ, ಬಲ. ನೆಗ್ಲೆಕ್ಟ್: ಇದೆ, ಇಲ್ಲ.’ ಇಷ್ಟೇ ಒಂದು ಸಾಲು. ಆ ಸಾಲು ಇದ್ರೆ ಮುಂದಿನ ಪ್ರತಿಯೊಬ್ಬರೂ, ಫಿಸಿಯೋದಿಂದ ಆಶಾವರೆಗೆ, ಅದನ್ನ ಓದ್ತಾರೆ. ಒಂದೇ ಕೋಣೆಯಲ್ಲಿ ಕೂರೋಕೆ ಆಗದ ತಂಡವನ್ನ ಒಂದು ಕಾಗದ ಕೂರಿಸುತ್ತೆ.

ಮನೆಯಲ್ಲಿ ಏನು ಮಾಡಬಹುದು

ನಿಮ್ಮ ಮನೆಯಲ್ಲಿ ಸ್ಟ್ರೋಕ್ ಆದವರು ಇದ್ರೆ ಎದುರಿಗೆ, ಸುಮಾರು ಒಂದು ಮೀಟರ್ ದೂರದಲ್ಲಿ ಕೂತ್ಕೊಳ್ಳಿ. ‘ನನ್ನ ಮೂಗನ್ನೇ ನೋಡಿ’ ಅನ್ನಿ. ನಿಮ್ಮ ಕೈಯನ್ನ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಚಾಚಿ ಒಂದೊಂದು ಕಡೆ ಬೆರಳು ಅಲ್ಲಾಡಿಸಿ. ಯಾವ ಕಡೆ ಕಾಣ್ಲಿಲ್ಲ, ಬರೆದಿಡಿ. ಆಮೇಲೆ ಎರಡೂ ಕೈಯ ಬೆರಳನ್ನ ಒಟ್ಟಿಗೆ ಅಲ್ಲಾಡಿಸಿ. ಒಂದೊಂದೇ ಆದ್ರೆ ಕಾಣುತ್ತೆ, ಒಟ್ಟಿಗೆ ಆದ್ರೆ ಒಂದನ್ನೇ ಹೇಳ್ತಾರೆ ಅಂದ್ರೆ ನೆಗ್ಲೆಕ್ಟ್ ಇರಬಹುದು. ಇದು ರೋಗನಿರ್ಣಯ ಅಲ್ಲ. ಡಾಕ್ಟರ್ ಹತ್ರ ‘ಫೀಲ್ಡ್ ಟೆಸ್ಟ್ ಮಾಡಿ’ ಅಂತ ಕೇಳೋಕೆ ಒಂದು ಆಧಾರ.

ನೀರು, ಫೋನು, ಕೋಲು ಕಾಣೋ ಕಡೆ ಇಡಿ. ಆರಾಮಾಗಿ ಕೂತಿರುವಾಗ ಮಾತ್ರ ಕಾಣದ ಕಡೆಯಿಂದ ಹೆಸರು ಹಿಡಿದು ಮಾತಾಡಿಸಿ. ಪೇಪರ್ ಓದೋರಿಗೆ ಎಡ ಅಂಚಿಗೆ ಕೆಂಪು ಗೆರೆ ಎಳೆದುಕೊಡಿ, ಪ್ರತಿ ಸಾಲಿಗೂ ಕಣ್ಣು ಆ ಗೆರೆವರೆಗೆ ಬರಲಿ. ಹುಣಸೆ ಬೀಜ ಹಾಸಿ ಎಡ ತುದಿಯಿಂದ ಎಣಿಸೋಕೆ ಹೇಳಿ. ಅಟ್ಟದ ಮೇಲಿನ ಅಳಗುಳಿ ಮಣೆ ಇಳಿಸಿ. ಹದಿನಾಲ್ಕು ಗುಳಿಗೂ ಕಣ್ಣು ಓಡಿಸದೆ ಆ ಆಟ ಗೆಲ್ಲೋಕಾಗಲ್ಲ. ಎಷ್ಟು ಹೊತ್ತು, ಹೇಗೆ ಅಂತ ಥೆರಪಿಸ್ಟ್ ಹತ್ರ ಕೇಳ್ಕೊಂಡು ಮಾಡಿ.

ಪುಟ್ಟ ಮಕ್ಕಳ ಬಗ್ಗೆ ಒಂದೇ ಮಾತು. ಹುಟ್ಟುವಾಗ ಮೆದುಳಿಗೆ ತೊಂದರೆಯಾದ ಮಗು ಅಮ್ಮನ ಮುಖ ನೋಡ್ತಿಲ್ಲ, ಕಣ್ಣು ಮಾತ್ರ ಸರಿ ಇದೆ ಅಂದ್ರೂ ಸುಮ್ಮನೆ ಇರಬೇಡಿ. ಅಲ್ಲೂ ನೋಡಬೇಕಾದದ್ದು ಮೆದುಳು. ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಬರೆಸಿಕೊಳ್ಳಿ.

ಇನ್ನೊಂದು, ಬಹಳ ಮುಖ್ಯ. ಇದ್ದಕ್ಕಿದ್ದ ಹಾಗೆ ಒಂದು ಕಡೆ ಕಾಣದಿದ್ರೆ, ಎರಡೆರಡು ಕಂಡ್ರೆ, ಕೈಕಾಲು ಚೆನ್ನಾಗೇ ಇದ್ರೂ ಅದು ಸ್ಟ್ರೋಕ್ ಆಗಿರಬಹುದು. ಕನ್ನಡಕದ ಅಂಗಡಿಗೆ ಹೋಗಬೇಡಿ, ನಾಳೆ ನೋಡೋಣ ಅನ್ನಬೇಡಿ. 108ಕ್ಕೆ ಕಾಲ್ ಮಾಡಿ, ಸಿ.ಟಿ. ಸ್ಕ್ಯಾನ್ ಇರೋ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ಕೊಡೋದು ಶುರುವಾದ ನಾಲ್ಕೂವರೆ ಗಂಟೆಯ ಒಳಗೆ. ನಾಗರಹೊಳೆ ಅಂಚಿನ ಊರಿನಿಂದ ಮೈಸೂರಿಗೆ ಹೋಗೋದ್ರಲ್ಲೇ ಎಷ್ಟು ಹೊತ್ತು ಹೋಗುತ್ತೆ ಅಂತ ನಿಮಗೇ ಗೊತ್ತು.

ಈ ಎಪಿಸೋಡ್ ಕೇಳ್ತಿರೋ ಬಹಳಷ್ಟು ಜನ ಇಪ್ಪತ್ತು, ಇಪ್ಪತ್ತೈದರವರು. ಆಸ್ಪತ್ರೆಗೆ ಅಪ್ಪ, ಅಮ್ಮ, ಅಜ್ಜಿಯ ಜೊತೆ ಫೈಲ್ ಹಿಡ್ಕೊಂಡು ಹೋಗೋರು ನೀವೇ. ಡಾಕ್ಟರ್ ಮುಂದೆ ಪ್ರಶ್ನೆ ಕೇಳೋರೂ ನೀವೇ. ಮುಂದಿನ ಸಲ ಆ ಫೈಲ್ ಮುಚ್ಚೋ ಮೊದಲು ಒಂದು ಪ್ರಶ್ನೆ ಕೇಳಿ: ‘ಡಾಕ್ಟ್ರೇ, ಇವರ ನೋಟದ ಅಗಲ ನೋಡಿದ್ರಾ? ಕಾಗದದಲ್ಲಿ ಬರೆದುಕೊಡ್ತೀರಾ?’

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಇಂಥವರಿದ್ರೆ ಈ ಎಪಿಸೋಡ್ ಅವರ ಮನೆಯವರಿಗೆ ಕಳಿಸಿ. ಓದೋಕೆ ಆಗದವರಿಗೆ ಆಡಿಯೋ ಹಾಕಿ ಕೇಳಿಸಿ.